ಎಡಗೈ ಕಲಿತ ರಾಕ್ ಅಂಡ್ ರೋಲ್

ನಾನು ಒಂದು ಕಡೆ ಕೂರುವ ಹುಡುಗಿಯಾಗಿರಲಿಲ್ಲ. ಕಾಲೇಜಿನ ಎರಡು ವರ್ಷ ಮುಗಿದು, ಮುಂದೇನು ಎಂಬುದು ತೀರ್ಮಾನವಾಗದೆ ಉಳಿದ ಆ ಬೇಸಿಗೆಯಲ್ಲಿ, ಹೈದರಾಬಾದಿನ ನಾರಾಯಣಗೂಡದ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಬಾಗಿಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ ತಿರುಗುತ್ತಿದ್ದೆ. ಪುಸ್ತಕ ಹಿಡಿದರೆ ನಿಂತೇ ಓದುತ್ತಿದ್ದೆ. ಊಟಕ್ಕೆ ಕೂತರೆ ಮೊಣಕಾಲು ತಾನಾಗಿ ಅಲುಗಾಡುತ್ತಿತ್ತು.

"ಏನವಾ, ಮೈಯಾಗ ಇರಿವಿ ಹೊಕ್ಕಾವೇನು? ಒಂದ ಕಡಿ ಕೂಡ," ಎಂದು ಅವ್ವ ಗದರುತ್ತಿದ್ದಳು. ನನ್ನ ತಂಗಿ ಇನ್ನೂ ಶಾಲೆಯಲ್ಲಿದ್ದಳು. ಅವಳಿಗೆ ಮಾತ್ರ ಇದೆಲ್ಲ ನಗುವ ವಿಷಯ.

ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ಗುಲ್ಬರ್ಗಾ ಕಡೆಯ ಹಳ್ಳಿಯಿಂದ ನಿಜಾಮರ ಕಾಲದಲ್ಲೇ ಓದಲು ಬಂದು ಇಲ್ಲೇ ನಿಂತವನು. ರಾಜ್ಯಗಳ ಗಡಿ ಬದಲಾದಾಗ ನಮ್ಮ ನೆಂಟರೆಲ್ಲ ಮೈಸೂರು ರಾಜ್ಯದವರಾದರು, ನಾವು ಆಂಧ್ರದ ರಾಜಧಾನಿಯವರಾದೆವು. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ತೆಲುಗು, ಸುಲ್ತಾನ್ ಬಜಾರಿಗೆ ಹೋದರೆ ಹೈದರಾಬಾದಿ ಹಿಂದಿ. ನನಗೆ ಗಂಡು ಹುಡುಕುವ ಮಾತು ಆಗಲೇ ಶುರುವಾಗಿತ್ತು. ಆದರೆ ಅಪ್ಪನ ತಲೆಯಲ್ಲಿ ಇನ್ನೊಂದು ವಿಚಾರವೂ ಇತ್ತು. "ಟೈಪಿಂಗ್ ಕಲ್ತ್ರ ಸರ್ಕಾರಿ ನೌಕರಿ ಸಿಗತೈತಿ. ಸುಮ್ಮನ ಮನಿತುಂಬ ತಿರುಗೂಕಿಂತ ಅಲ್ಲರೆ ಒಂದ ತಾಸು ಕೂಡ್ಲಿ," ಎಂದು ನನ್ನನ್ನು ಟೈಪಿಂಗ್ ಕ್ಲಾಸಿಗೆ ಸೇರಿಸಿದ.

ಕ್ಲಾಸು ಇದ್ದದ್ದು ನಮ್ಮ ಓಣಿಯ ತುದಿಯಲ್ಲಿ, ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಹೊರಗಿನ ಕೋಣೆಯಲ್ಲಿ ಅದರ ಮಾಲೀಕರು, ಕಚ್ಚೆ ಪಂಚೆ ಉಟ್ಟ ತೆಲುಗಿನ ಹಿರಿಯರು, ಪತ್ರಿಕೆ ಓದುತ್ತ ಕೂತಿರುತ್ತಿದ್ದರು. ಒಳಗಿನ ಉದ್ದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಸಾಲಾಗಿ ಟೈಪ್‌ರೈಟರುಗಳು. ಕಲಿಸುತ್ತಿದ್ದವರು ಸಿಕಂದರಾಬಾದಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಆಂಗ್ಲೋ ಇಂಡಿಯನ್ ಹೆಂಗಸು. ಗಂಡ ರೈಲ್ವೆಯಲ್ಲಿ ಡ್ರೈವರ್ ಆಗಿದ್ದವರು, ತೀರಿಕೊಂಡಿದ್ದರು. ಹೂವಿನ ಚಿತ್ತಾರದ ಫ್ರಾಕು, ಸುರುಳಿ ಮಾಡಿದ ನರೆಗೂದಲು, ಎತ್ತರದ ಮೈಕಟ್ಟು. ಎಲ್ಲರೂ ಅವರನ್ನು ಮಿಸ್ ಎನ್ನುತ್ತಿದ್ದರು. ನಮ್ಮ ಜೊತೆ ಅವರ ಮಾತೆಲ್ಲ ಇಂಗ್ಲಿಷಿನಲ್ಲೇ.

ಮಿಸ್ ಕಲಿಸುವ ರೀತಿ ಬೇರೆ ಯಾವ ಟೈಪಿಂಗ್ ಕ್ಲಾಸಿನಲ್ಲೂ ಇರಲಿಕ್ಕಿಲ್ಲ. ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೀ ಕೊಡುವ ಗ್ರಾಮಾಫೋನ್ ಇಟ್ಟಿದ್ದರು. ಬೆರಳುಗಳು ಒಂದೇ ವೇಗದಲ್ಲಿ ಬೀಳಬೇಕಾದರೆ ಕಿವಿಗೆ ಒಂದು ಲಯ ಸಿಗಬೇಕು ಎಂಬುದು ಅವರ ವಾದ. ಹೊಸಬರಿಗೆ ವಾಲ್ಟ್ಜ್ ಎಂಬ ನಿಧಾನದ ನೃತ್ಯದ ಹಾಡು, ಸ್ವಲ್ಪ ಪಳಗಿದವರಿಗೆ ಸೈನ್ಯದ ಮಾರ್ಚು. ವಾಲ್ಟ್ಜ್ ತಿರುಗುತ್ತಿದ್ದಂತೆ ನಾವು ಒಂದೊಂದೇ ಅಕ್ಷರ ಒತ್ತುತ್ತಿದ್ದೆವು. ನನಗೆ ಅದು ಅಂಕೆಯಲ್ಲಿ ಇಟ್ಟ ಹಾಗೆ ಅನ್ನಿಸುತ್ತಿತ್ತು. ಬೆರಳು ಮುಂದೆ ಓಡುತ್ತಿತ್ತು, ಹಾಡು ಹಿಂದೆ ಉಳಿಯುತ್ತಿತ್ತು, ಮಿಸ್ ಬಂದು ಪೆನ್ಸಿಲಿನಿಂದ ಭುಜ ತಟ್ಟುತ್ತಿದ್ದರು.

ಮಿಸ್ಸಿನ ತಮ್ಮನೊಬ್ಬ ಹಡಗಿನಲ್ಲಿ ಊಟೋಪಚಾರ ನೋಡುವ ಸ್ಟೂವರ್ಡ್ ಆಗಿದ್ದ. ಅಮೆರಿಕದ ಬಂದರುಗಳಿಗೆ ಹೋಗಿ ಬರುತ್ತಿದ್ದ. ಅವನು ರಜೆಗೆ ಬಂದಾಗ ಟವೆಲುಗಳಲ್ಲಿ ಸುತ್ತಿ ರೆಕಾರ್ಡುಗಳನ್ನು ತಂದಿದ್ದ. ಅವು ಬಂದ ಮರುದಿನವೇ ಇರಬೇಕು, ಮಿಸ್ ಒಂದು ಕಪ್ಪು ತಟ್ಟೆಯನ್ನು ಎರಡು ಅಂಗೈಗಳ ನಡುವೆ ಹಿಡಿದುಕೊಂಡು ಕ್ಲಾಸಿಗೆ ಬಂದರು. "ಇವತ್ತು ಸ್ಪೀಡ್ ಟೆಸ್ಟ್," ಎಂದರು. ಕಣ್ಣಲ್ಲಿ ಏನೋ ತುಂಟತನವಿತ್ತು.

ಮೊದಲು ಪಿಯಾನೋ ಬಂತು, ಮೆಟ್ಟಿಲಿಳಿದು ಓಡಿ ಬರುವವನ ಹಾಗೆ. ಅದರ ಬೆನ್ನಿಗೆ ಡ್ರಮ್ಮು. ಆಮೇಲೆ ಹಾಡುತ್ತಿದ್ದಾನೋ ಕೂಗುತ್ತಿದ್ದಾನೋ ತಿಳಿಯದ ಒಂದು ಗಂಡಸಿನ ದನಿ. ನನಗೆ ಒಂದು ಪದವೂ ತಿಳಿಯಲಿಲ್ಲ. ಬೆರಳುಗಳು ಮಾತ್ರ ಓಡತೊಡಗಿದವು. ಪಕ್ಕದವಳ ಬೆರಳುಗಳೂ ಓಡಿದವು, ಅವಳ ಪಕ್ಕದವನವೂ. ಇಡೀ ಕೋಣೆ ಆಲಿಕಲ್ಲು ಮಳೆ ಬಿದ್ದಂತೆ ಸದ್ದು ಮಾಡಿತು. ನಂತರ ಒಂದೊಂದಾಗಿ ಕೀಲಿಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡವು, ಯಂತ್ರಗಳು ನಿಂತವು. ಹೊರಗಿನಿಂದ ಮಾಲೀಕರು ಪತ್ರಿಕೆ ಹಿಡಿದೇ ಓಡಿ ಬಂದರು.

"ಏಮಿಟಮ್ಮಾ ಇದಿ? ಮೆಷಿನ್‌ಲು ಪಾಡೈಪೋತಾಯಿ!" ಯಂತ್ರಗಳು ಕೆಡುತ್ತವೆ ಎಂದು ಅವರ ಆತಂಕ.

ಮಿಸ್ ರೆಕಾರ್ಡ್ ನಿಲ್ಲಿಸಿ, "ಸಾರಿ, ಸರ್. ಪರೀಕ್ಷೆ ಮಾಡ್ತಿದ್ದೆ," ಎಂದರು. ಮಾಲೀಕರು ಹೋದ ಮೇಲೆ ನಗು ತಡೆಯಲು ಕಿಟಕಿಯ ಕಡೆ ತಿರುಗಿದರು. ನಾನು ನನ್ನ ಯಂತ್ರದಲ್ಲಿದ್ದ ಹಾಳೆ ನೋಡಿದೆ. ಅರ್ಥವಿಲ್ಲದ ಅಕ್ಷರಗಳು ಎರಡು ಸಾಲು ತುಂಬಿದ್ದವು. ಕಾಲು ಅಲುಗುತ್ತಿತ್ತು, ಮೊದಲ ಸಲ ಅದಕ್ಕೊಂದು ಕಾರಣ ಸಿಕ್ಕಂತೆ.

ಕ್ಲಾಸು ಬಿಟ್ಟ ಮೇಲೆ ನಾನು ಅಲ್ಲೇ ನಿಂತೆ. "ಮಿಸ್, ಅದೇನು?"

"ರಾಕ್ ಅಂಡ್ ರೋಲ್," ಎಂದರು ಅವರು. "ಅಮೆರಿಕದಲ್ಲಿ ಹುಡುಗರು ಇದನ್ನು ಕೇಳಿ ಕುರ್ಚಿ ಮುರೀತಾರಂತೆ. ಪಾದ್ರಿಗಳು ಬೈತಾರಂತೆ. ಆದರೆ ಇದು ಹೊಸದು ಅಂತ ಯಾರಾದರೂ ಹೇಳಿದರೆ ನಂಬಬೇಡ."

ಬಸ್ ಸ್ಟಾಪಿನ ತನಕ ಅವರ ಜೊತೆ ನಡೆದೆ. ಆ ದಿನವೂ, ಆಮೇಲೆ ಎಷ್ಟೋ ದಿನವೂ. ಹಾಗೆ ನಡೆಯುತ್ತಲೇ ಅವರ ಕಥೆ ನನಗೆ ತುಣುಕು ತುಣುಕಾಗಿ ಸಿಕ್ಕಿತು. ಮದುವೆಗೆ ಮೊದಲು, ಎರಡನೇ ಮಹಾಯುದ್ಧದ ಕಾಲದಲ್ಲಿ, ಅವರು ಕಲ್ಕತ್ತೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ಊರು ತುಂಬ ಅಮೆರಿಕದ ಸೈನಿಕರು. ಅವರಲ್ಲಿ ಬಿಳಿಯರಿಗೆ ಒಂದು ಕ್ಯಾಂಪು, ಕರಿಯರಿಗೆ ಇನ್ನೊಂದು. ಬಿಳಿಯರಿಗೆ ಒಂದು ಕ್ಲಬ್ಬು, ಕರಿಯರಿಗೆ ಬೇರೆ. ಬಿಳಿಯರ ಕ್ಲಬ್ಬಿನಲ್ಲಿ ದೊಡ್ಡ ಬ್ಯಾಂಡು, ಒಂದೇ ಬಣ್ಣದ ಕೋಟು ತೊಟ್ಟ ವಾದ್ಯಗಾರರು. ಕರಿಯರ ಕ್ಲಬ್ಬಿನಲ್ಲಿ ಒಂದು ಹಳೆಯ ಪಿಯಾನೋ.

"ನಾನು ಕೆಲಸಕ್ಕೆ ಹೋಗುವ ದಾರಿಯಲ್ಲೇ ಅದು. ಕಿಟಕಿಯಿಂದ ಕೇಳಿಸುತ್ತಿತ್ತು. ಒಬ್ಬ ಸೈನಿಕ, ಬಂದರಿನಲ್ಲಿ ಸಾಮಾನು ಇಳಿಸುವ ಪಡೆಯವನು, ಮಧ್ಯಾಹ್ನ ಕೂತು ಬಾರಿಸುತ್ತಿದ್ದ. ಎಡಗೈ ಒಂದೇ ಸಮ ಓಡುತ್ತಿತ್ತು, ಬಲಗೈ ಅದರ ಮೇಲೆ ಆಟವಾಡುತ್ತಿತ್ತು. ನಾನು ಚರ್ಚಿನಲ್ಲಿ ಪಿಯಾನೋ ಕಲಿತವಳು. ಅಂಥದ್ದನ್ನು ಕೇಳಿರಲೇ ಇಲ್ಲ. ಒಂದು ದಿನ ಧೈರ್ಯ ಮಾಡಿ ಒಳಗೆ ಹೋಗಿ, ಆ ಎಡಗೈ ತೋರಿಸು ಅಂದೆ."

"ತೋರಿಸಿದನಾ?"

"ತೋರಿಸಿದ. ಬಹಳ ಮರ್ಯಾದೆಯ ಮನುಷ್ಯ. ತನ್ನ ಊರಿನಲ್ಲಿ ತಾನು ಬಾರಿಸುವ ಹಾಲ್‌ಗೆ ಮುಂದಿನ ಬಾಗಿಲಿನಿಂದ ಹೋಗುವ ಹಾಗಿಲ್ಲ ಅಂತ ಹೇಳಿದ. ಹಿತ್ತಿಲ ಬಾಗಿಲಿನಿಂದ ಹೋಗಬೇಕು. ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ."

ಯುದ್ಧ ಮುಗಿದ ಮೇಲೆ ಏನಾಯಿತು ಎಂಬುದನ್ನು ಮಿಸ್ ತಮ್ಮನ ಬಾಯಿಂದ ಕೇಳಿ ತಿಳಿದಿದ್ದರು. ದೊಡ್ಡ ಬ್ಯಾಂಡುಗಳನ್ನು ಸಾಕುವುದು ಕಷ್ಟವಾಗಿ ಒಡೆದುಹೋದವು. ನಾಲ್ಕೈದು ಜನರ ಸಣ್ಣ ತಂಡಗಳು ಬಂದವು. ದಕ್ಷಿಣದ ಹತ್ತಿ ಹೊಲಗಳನ್ನು ಬಿಟ್ಟು ಉತ್ತರದ ನಗರಗಳಿಗೆ ಹೋದ ಕರಿಯರು ತಮ್ಮ ಹಾಡುಗಳನ್ನೂ ಕೊಂಡುಹೋದರು. ನಗರದ ಗದ್ದಲದಲ್ಲಿ ಕೇಳಿಸಬೇಕೆಂದು ಗಿಟಾರಿಗೆ ವಿದ್ಯುತ್ತು ಸೇರಿಸಿದರು. ಅವರ ರೆಕಾರ್ಡುಗಳನ್ನು ಅಂಗಡಿಗಳಲ್ಲಿ ಬೇರೆ ಕಪಾಟಿನಲ್ಲಿ ಇಡುತ್ತಿದ್ದರು. ಆದರೆ ರೇಡಿಯೋಗೆ ಗೋಡೆಯಿಲ್ಲವಲ್ಲ. ಬಿಳಿಯರ ಮನೆಯ ಹುಡುಗ ಹುಡುಗಿಯರು ತಮ್ಮ ಕೋಣೆಯಲ್ಲಿ ದನಿ ತಗ್ಗಿಸಿಕೊಂಡು ಅದನ್ನೇ ಕೇಳಿದರು. ಕೊನೆಗೆ ಬಿಳಿಯ ಹುಡುಗರೇ ಹಾಗೆ ಹಾಡತೊಡಗಿದಾಗ ಲೋಕಕ್ಕೆಲ್ಲ ಕೇಳಿಸಿತು.

"ನನ್ನ ತಮ್ಮ ತಂದಿರುವ ಒಂದು ಹಾಡು ಎರಡು ರೆಕಾರ್ಡಿನಲ್ಲಿದೆ," ಎಂದರು ಮಿಸ್ ಒಂದು ದಿನ. "ಒಂದರಲ್ಲಿ ಮೊದಲು ಹಾಡಿದ ಕರಿಯ, ಇನ್ನೊಂದರಲ್ಲಿ ಅದನ್ನೇ ಹಾಡಿದ ಬಿಳಿಯ. ಮನೆಗೆ ಬಂದು ಕೇಳು. ಯಾವುದು ಯಾರದ್ದು ಅಂತ ನಿನಗೇ ಗೊತ್ತಾಗುತ್ತೆ."

ಮನೆಯಲ್ಲಿ ಹೇಳಿಯೇ ಹೋದೆ. ಟೀಚರಮ್ಮನ ಮನೆ ಎಂದರೆ ಅಪ್ಪನ ಅಡ್ಡಿಯಿರಲಿಲ್ಲ. ರೈಲ್ವೆ ಕ್ವಾರ್ಟರ್ಸಿನ ಸಾಲಿನಲ್ಲಿ ಅವರ ನಾದಿನಿಯ ಮನೆ. ಅಲ್ಲೇ ಹಿಂದಿನ ಕೋಣೆಯಲ್ಲಿ ಮಿಸ್ ಇದ್ದರು. ಆ ಎರಡು ರೆಕಾರ್ಡುಗಳನ್ನು ಕೇಳಿದೆ. ಬಿಳಿಯನ ಹಾಡು ಇಸ್ತ್ರಿ ಮಾಡಿದ ಅಂಗಿಯ ಹಾಗಿತ್ತು. ಇನ್ನೊಂದು ಕೇಳುವಾಗ ಕೂರಲಾಗದೆ ಎದ್ದು ನಿಂತೆ. ಮಿಸ್ ಮೂಲೆಯಲ್ಲಿದ್ದ ಪಿಯಾನೋದ ಮುಚ್ಚಳ ತೆಗೆದು ನನ್ನನ್ನು ಅದರ ಮುಂದೆ ಕೂರಿಸಿದರು.

ಅವರ ಬೆರಳಿನ ಗಂಟುಗಳು ಊದಿದ್ದವು. ನಿಧಾನದ ಹಾಡು ಬಾರಿಸುತ್ತಿದ್ದರು, ವೇಗದ್ದು ಆಗುತ್ತಿರಲಿಲ್ಲ. ಎಡಗೈಯ ಓಟವನ್ನು ನನಗೆ ಹೇಳಿಕೊಟ್ಟರು. ಅವರು ಅದನ್ನು ಮೂರು ಮನೆ ಎನ್ನುತ್ತಿದ್ದರು. ನಿನ್ನ ಮನೆಯಿಂದ ಹೊರಡು, ನಾಲ್ಕನೆಯ ಸ್ವರದ ಮನೆಗೆ ಹೋಗು, ವಾಪಸು ಬಾ, ಐದನೆಯದಕ್ಕೆ ಏರು, ಮತ್ತೆ ಇಳಿದು ಮನೆಗೆ ಬಾ. ನನ್ನ ಲೆಕ್ಕದಲ್ಲಿ ಅದು ಸಾ, ಮಾ, ಪಾ. ಅವ್ವ ನನಗೆ ಹಾರ್ಮೋನಿಯಂ ಕಲಿಸಿದ್ದಳು, ಹೀಗಾಗಿ ಬಲಗೈಗೆ ದಾರಿ ಗೊತ್ತಿತ್ತು. ಎಡಗೈಗೆ ಏನೂ ಗೊತ್ತಿರಲಿಲ್ಲ. ಅದು ಹುಟ್ಟಿದಾಗಿನಿಂದ ಗಾಳಿ ಹಾಕುವುದನ್ನಷ್ಟೇ ಮಾಡಿತ್ತು. ಮೊದಲ ವಾರ ಮಣಿಕಟ್ಟು ಉರಿಯಿತು. ಬಲಗೈ ಸೇರಿಸಿದ ಕೂಡಲೇ ಎಡಗೈ ದಾರಿ ತಪ್ಪುತ್ತಿತ್ತು. ಸಿಟ್ಟು ಬಂದು ಪಿಯಾನೋ ಮೇಲೆ ಗುದ್ದಿದರೆ, ಮಿಸ್ ಹಾಸಿಗೆಯ ಮೇಲೆ ಕೂತಲ್ಲಿಂದಲೇ, "ಹಾಂ, ಆ ಸಿಟ್ಟು ಇರಲಿ. ಅದನ್ನೇ ಲಯಕ್ಕೆ ಹಾಕು," ಎನ್ನುತ್ತಿದ್ದರು.

ಮನೆಯಲ್ಲಿ ಪಿಯಾನೋ ಎಲ್ಲಿಂದ ಬರಬೇಕು? ಒಂದು ಸಂಜೆ ಹಾರ್ಮೋನಿಯಂ ಮುಂದೆ ಕೂತೆ. ಒಂದು ಕೈ ಗಾಳಿ ಹಾಕಿದರೆ ಎರಡು ಕೈ ಬಾರಿಸುವುದು ಹೇಗೆ? ತಂಗಿಯನ್ನು ಎದುರಿಗೆ ಕೂರಿಸಿ, "ನೀ ಗಾಳಿ ಹಾಕ. ನಿಲ್ಲಸಬ್ಯಾಡ," ಎಂದೆ. ಅವಳು ಎರಡೂ ಕೈಯಿಂದ ತಿದಿ ಒತ್ತಿದಳು. ನಾನು ಸಾ ಮಾ ಪಾ ಎಂದು ಎಡಗೈ ಓಡಿಸಿದೆ. ಹಾರ್ಮೋನಿಯಂ ಏದುಸಿರು ಬಿಡುತ್ತಾ ರಾಕ್ ಅಂಡ್ ರೋಲ್ ಬಾರಿಸಿತು. ತಂಗಿಗೆ ನಗು ತಡೆಯಲಾಗದೆ ಗಾಳಿ ನಿಂತುಹೋಗುತ್ತಿತ್ತು.

ಅವ್ವ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬಾಗಿಲಿಗೆ ಒರಗಿ ಕೇಳಿದಳು.

"ಇದೇನವಾ, ರೈಲ ಹೊಂಟಂಗ ಐತಿ."

"ಇದು ಅಮೆರಿಕದ್ದು."

"ಆ ಎರಡ ಗಂಧಾರ ಯಾಕ ಒಮ್ಮೆಲೇ ಒತ್ತಾಕತ್ತೀದಿ? ತಪ್ಪಾತು."

"ತಪ್ಪಲ್ಲ ಅವ್ವಾ, ಹಂಗ ಐತಿ. ಅವ್ರು ಹಾಡೂ ಸ್ವರ ಎರಡರ ನಡುವ ಇರತೈತಿ. ಪಿಯಾನೋದಾಗ ಆ ಸ್ವರ ಇಲ್ಲ, ಅದಕ್ಕ ಎರಡೂ ಒತ್ತಬೇಕು."

ಅವ್ವ ತೊಡೆಯ ಮೇಲೆ ತಟ್ಟಿ ನೋಡಿದಳು. "ತಾಳದ ಪೆಟ್ಟ ಎರಡನೇದಕ್ಕೂ ನಾಲ್ಕನೇದಕ್ಕೂ ಬೀಳಾಕತ್ತೈತಿ. ನಮ್ಮ ಭಜನಿಯೊಳಗೂ ಹಿಂಗ ಎತ್ತಿ ಹೊಡೀತಾರ. ಇದೇನ ಹೊಸಾದಲ್ಲ ಬಿಡ."

ನನಗೆ ಯಾಕೋ ವಿಪರೀತ ಸಿಟ್ಟು ಬಂತು. ಮೊದಲ ಸಲ ನನಗೆ ಒಂದು ವಸ್ತು ಸಿಕ್ಕಿತ್ತು. ನೆಂಟರದ್ದಲ್ಲದ, ಊರಿನದ್ದಲ್ಲದ, ಮನೆಯದ್ದಲ್ಲದ ವಸ್ತು. ಅದನ್ನೂ ಅವ್ವ ಭಜನೆಯ ಜೊತೆ ಸೇರಿಸಿ ಮನೆಯೊಳಗೆ ತಂದುಬಿಟ್ಟಳು. "ಭಜನಿ ಅಲ್ಲ ಇದು!" ಎಂದು ಎದ್ದೆ. ಅವ್ವ, "ಆತ ಬಿಡ, ಅಲ್ಲ," ಎಂದು ಒಳಗೆ ಹೋದಳು. ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಅವಳೂ ಎತ್ತಿ ಎತ್ತಿ ಬಡಿಯುತ್ತಿದ್ದಳೋ, ನನಗೆ ಹಾಗೆ ಕೇಳಿಸಿತೋ.

ರೈಲು ಹೊರಟಂತಿದೆ ಎಂಬ ಅವ್ವನ ಮಾತನ್ನು ಮಿಸ್‌ಗೆ ಹೇಳಿದಾಗ ಅವರು ಹಾಸಿಗೆಯಿಂದ ಎದ್ದೇಬಿಟ್ಟರು. ಕಲ್ಕತ್ತೆಯ ಆ ಸೈನಿಕ ತನ್ನ ಎಡಗೈಗೆ ರೈಲು ಎಂದೇ ಹೇಳುತ್ತಿದ್ದನಂತೆ. "ನಿನ್ನ ತಾಯಿಯನ್ನು ನಾನು ನೋಡಬೇಕು," ಎಂದರು.

ಅದು ಬೇಗನೆ ಆಯಿತು. ಸಿಕಂದರಾಬಾದ್ ಸ್ಟೇಷನ್ನಿನ ಹತ್ತಿರ ರೈಲ್ವೆಯವರ ಒಂದು ಹಾಲ್ ಇತ್ತು, ಮರದ ನೆಲದ್ದು. ಅಲ್ಲಿ ಶನಿವಾರ ಮಧ್ಯಾಹ್ನ ಚಹಾದ ಜೊತೆ ನೃತ್ಯ. ಬಾರಿಸುತ್ತಿದ್ದವರು ನಾಲ್ಕು ಜನ: ವಯಸ್ಸಾದ ಸ್ಯಾಕ್ಸೊಫೋನಿನವರು, ಒಬ್ಬ ಡ್ರಮ್ಮಿನವ, ಹಳೇ ರೇಡಿಯೋ ಸೆಟ್ಟನ್ನೇ ಆಂಪ್ಲಿಫೈಯರ್ ಮಾಡಿಕೊಂಡಿದ್ದ ಒಬ್ಬ ಗಿಟಾರಿನ ಹುಡುಗ, ಮತ್ತು ಪಿಯಾನೋದವ. ಪಿಯಾನೋದವ ಸಂಸಾರ ಸಮೇತ ಇಂಗ್ಲೆಂಡಿಗೆ ಹೋದ. ಅವನ ಜಾಗದಲ್ಲಿ ಬಾರಿಸುತ್ತೀಯಾ ಎಂದು ಮಿಸ್ ನನ್ನನ್ನು ಕೇಳಿದರು. ನಾನು ಮನೆಗೆ ಬಂದು ಅವ್ವನನ್ನು ಕೇಳಿದೆ.

"ಅಲ್ಲಿ ಏನ ಮಾಡ್ತಾರ?"

"ಕುಣೀತಾರ."

"ನೀನೂ ಕುಣೀತೀಯೇನು?"

"ನಾ ಬಾರಸ್ತೀನಿ. ಕುಣಿಯೂದಿಲ್ಲ."

ಅವ್ವ ಮಡಿಸುತ್ತಿದ್ದ ಸೀರೆಯನ್ನು ಕೆಳಗಿಟ್ಟಳು. "ನಾನೂ ಬರ್ತೀನಿ. ಎಂಥಾ ಜಾಗಾ ನೋಡಬೇಕು."

ಅಪ್ಪನಿಗೆ ಟೀಚರಮ್ಮನ ಕಡೆ ಪಿಯಾನೋ ಬಾರಿಸುವುದಿದೆ ಎಂದಷ್ಟೇ ಅವ್ವ ಹೇಳಿದಳು. ಇಳಕಲ್ ಸೀರೆ ಉಟ್ಟು, ಹಣೆಗೆ ದೊಡ್ಡ ಕುಂಕುಮ ಇಟ್ಟು ನನ್ನ ಜೊತೆ ಡಬಲ್ ಡೆಕರ್ ಬಸ್ ಹತ್ತಿದಳು. ಹಾಲ್‌ನೊಳಗೆ ಫ್ರಾಕು, ಸೂಟು, ಸಿಗರೇಟಿನ ಹೊಗೆ. ಎಲ್ಲರೂ ಒಂದು ಸಲ ತಿರುಗಿ ನೋಡಿದರು. ಮಿಸ್ ಬಂದು ಅವ್ವನ ಎರಡೂ ಕೈ ಹಿಡಿದುಕೊಂಡು, ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಅವರಿಗೆ ಕನ್ನಡ ಬಾರದು, ಅವ್ವನಿಗೆ ಇಂಗ್ಲಿಷ್ ಬಾರದು. ಇಬ್ಬರೂ ಹೈದರಾಬಾದಿ ಹಿಂದಿಗೆ ಇಳಿದರು. "ಚಾಯ್ ಪಿಯೋ ಜೀ." "ನಕ್ಕೋ, ಬಾದ್ ಮೇ." ಚಹಾ ಕುಡಿಯಿರಿ ಎಂದು ಮಿಸ್, ಈಗ ಬೇಡ, ಆಮೇಲೆ ಎಂದು ಅವ್ವ. ನಾನು ಪಿಯಾನೋದ ಮುಂದೆ ಹೋಗಿ ಕೂತೆ.

ಮೊದಲ ಹಾಡುಗಳು ನಿಧಾನದವು, ಹಾಗೂ ಹೀಗೂ ಸಾಗಿದವು. ಆಮೇಲೆ ಹುಡುಗರು ವೇಗದ್ದು ಬೇಕೆಂದು ಕೂಗಿದರು. ಗಿಟಾರಿನವ ನನ್ನ ಕಡೆ ನೋಡಿ ತಲೆಯಾಡಿಸಿದ. ಶುರು ಮಾಡಿದೆವು. ಮರದ ನೆಲ ಗುಡುಗತೊಡಗಿತು. ಫ್ರಾಕುಗಳು ಗಿರಗಿರ ತಿರುಗಿದವು. ಅದರ ನಡುವೆಯೇ ಫಕ್ಕನೆ ಕರೆಂಟು ಹೋಯಿತು. ಫ್ಯಾನು ನಿಂತಿತು, ಗಿಟಾರು ಸತ್ತಿತು, ಮೈಕಿನಲ್ಲಿ ಹಾಡುತ್ತಿದ್ದ ಗಿಟಾರಿನ ಹುಡುಗನ ದನಿ ಎಲ್ಲೋ ಬಾವಿಯೊಳಗೆ ಬಿದ್ದಂತಾಯಿತು. ಡ್ರಮ್ಮಿನವನೂ ಗಲಿಬಿಲಿಯಾಗಿ ಕೈ ನಿಲ್ಲಿಸಿದ. ಕುಣಿಯುವವರು ಕಾಲು ಎತ್ತಿದಲ್ಲೇ ನಿಂತರು.

ನನ್ನ ಎಡಗೈ ನಿಲ್ಲಲಿಲ್ಲ. ನಾನು ಧೈರ್ಯ ಮಾಡಿದೆ ಎಂದಲ್ಲ. ಅದಕ್ಕೆ ನಿಲ್ಲುವುದು ಗೊತ್ತಿರಲಿಲ್ಲ. ಸಾ, ಮಾ, ಸಾ, ಪಾ. ಆ ದೊಡ್ಡ ಹಾಲ್‌ನಲ್ಲಿ ಪಿಯಾನೋ ಒಂದೇ, ಕಿಟಕಿಯಿಂದ ಬರುವ ಬಿಸಿಲು, ಜನರ ಉಸಿರು. ಒಬ್ಬ ಹುಡುಗಿ ಚಪ್ಪಾಳೆ ಹಾಕಿದಳು, ಎರಡಕ್ಕೆ, ನಾಲ್ಕಕ್ಕೆ. ಇನ್ನೊಬ್ಬಳು ಸೇರಿದಳು. ಕೊನೆಗೆ ಹಾಲ್ ಪೂರ್ತಿ. ಸ್ಯಾಕ್ಸೊಫೋನಿನ ಮುದುಕರು ಮುಂದೆ ಬಂದು, ಮೈಕಿನ ಹಂಗಿಲ್ಲದೆ ಕಣ್ಣು ಮುಚ್ಚಿ ಊದಿದರು. ಬಲಗೈಗೆ ಎಂದೂ ಕಲಿಯದ ಏನೇನೋ ಹೊಳೆಯಿತು. ಕರೆಂಟು ಬಂದಾಗ ಯಾರೂ ಅದನ್ನು ಗಮನಿಸಲಿಲ್ಲ.

ಮುಗಿದ ಮೇಲೆ ಅವ್ವನ ಕಡೆ ನೋಡಿದೆ. ಚಹಾದ ಕಪ್ಪು ಮುಟ್ಟದೆ ಹಾಗೇ ಇತ್ತು. "ಕಡೀಕ ಭಾಳ ಓಡಿಸಿದಿ. ತಾಳ ತಪ್ಪಿತು," ಎಂದಳು. ಆದರೆ ಬಸ್ಸಿನಲ್ಲಿ ಕಿಟಕಿಯ ಕಂಬಿಯ ಮೇಲೆ ಬೆರಳು ತಟ್ಟುತ್ತಲೇ ಬಂದಳು.

ಆ ಹಾಲ್‌ನಲ್ಲಿ ಅಪ್ಪನ ಕಚೇರಿಯ ಅಧಿಕಾರಿಯೊಬ್ಬರು ಇದ್ದರೆಂಬುದು ನಮಗೆ ಗೊತ್ತಿರಲಿಲ್ಲ. ಸೋಮವಾರ ಅವರು ಅಪ್ಪನ ಮೇಜಿನ ಬಳಿ ಬಂದು, ಎಲ್ಲರೆದುರು ಕೈ ಕುಲುಕಿ, ನಿಮ್ಮ ಮಗಳು ಅದ್ಭುತವಾಗಿ ಬಾರಿಸುತ್ತಾಳೆ ಎಂದರಂತೆ. ಅಪ್ಪ ಥ್ಯಾಂಕ್ಯೂ ಅಂದನಂತೆ. ಮನೆಗೆ ಬಂದವನು ಚಪ್ಪಲಿಯನ್ನೂ ಬಿಡಲಿಲ್ಲ.

"ಮಂದಿ ಕುಣಿಯೂ ಜಾಗಾದಾಗ ನನ್ನ ಮಗಳು ಕೂತ ಬಾರಸ್ತಾಳ? ಅದೂ ನನಗ ಹೇಳಲಾರದ? ನಾಳಿಂದ ಟೈಪಿಂಗೂ ಬ್ಯಾಡ, ಪಿಯಾನೋನೂ ಬ್ಯಾಡ. ಗಂಡ ನೋಡಾಕ ಬರೂ ಮಂದಿಗೆ ಏನ ಹೇಳೂದು?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಎದ್ದು ನಿಂತಳು. "ನಾನೂ ಹೋಗಿದ್ದೆ. ಕುರ್ಚಿ ಮ್ಯಾಲೆ ಕೂತ ಕೇಳೇನಿ. ನನ್ನೂ ಮನ್ಯಾಗ ಕೂಡಸ್ತೀರೇನು?"

ಅಪ್ಪ ಅವಳನ್ನೇ ನೋಡಿದ. ಅವ್ವ ಅವನ ಮುಂದೆ ಹಾಗೆ ನಿಂತಿದ್ದನ್ನು ನಾವು ನೋಡಿರಲಿಲ್ಲ, ಅವನೂ ನೋಡಿರಲಿಲ್ಲ.

"ಕೆಟ್ಟದೇನ ಆಗೂದಿಲ್ಲ ಅಲ್ಲಿ," ಎಂದಳು ಅವ್ವ, ದನಿ ಇಳಿಸಿ. "ನೋಡದ ಮಾತಾಡಬ್ಯಾಡ್ರಿ. ಬಂದ ನೋಡ್ರಿ."

ಆ ವಾರ ಮನೆಯಲ್ಲಿ ಯಾರೂ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ನಾನು ಮತ್ತೆ ಬಾಗಿಲಿನಿಂದ ಅಡುಗೆಮನೆಗೆ ತಿರುಗಿದೆ. ಓದಲು ಆಗದು, ಮಲಗಲು ಆಗದು. ಊಟದ ಎಲೆಯ ಪಕ್ಕದಲ್ಲೂ ಎಡಗೈ ನೆಲದ ಮೇಲೆ ಓಡುತ್ತಿತ್ತು. ಶನಿವಾರ ಮಧ್ಯಾಹ್ನ ಅಪ್ಪ ಕೋಟು ಹಾಕಿಕೊಂಡು, "ನಡೀರಿ," ಎಂದ. ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ನಮಗೆ ಬೆನ್ನು ಮಾಡಿ ಕೂತ. ಹಾಲ್‌ನ ಒಳಗೆ ಬರಲಿಲ್ಲ. ಬಾಗಿಲ ಚೌಕಟ್ಟಿಗೆ ಆನಿಕೊಂಡು, ಕೈ ಹಿಂದೆ ಕಟ್ಟಿ ನಿಂತ. ನಾನು ಅವನ ಕಡೆ ನೋಡದೆ ಬಾರಿಸಿದೆ. ಮಧ್ಯದ ಬಿಡುವಿನಲ್ಲಿ ತಿರುಗಿ ನೋಡಿದರೆ ಬಾಗಿಲಲ್ಲಿ ಯಾರೂ ಇರಲಿಲ್ಲ.

ನಾವು ಮನೆಗೆ ಬಂದಾಗ ಅಪ್ಪ ಪೇಪರು ಓದುತ್ತಿದ್ದ. ಆ ವಿಷಯ ಎತ್ತಲಿಲ್ಲ. ಹೌದು ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. ಸೋಮವಾರ ನಾನು ಟೈಪಿಂಗಿಗೆ ಹೊರಟಾಗ ತಡೆಯಲಿಲ್ಲ. ಮುಂದಿನ ಶನಿವಾರ ನಾನು ಹೋಗಬೇಕೋ ಬಿಡಬೇಕೋ ತಿಳಿಯದೆ ಜಡೆ ಹಾಕಿಕೊಂಡು, ಬಿಚ್ಚಿಕೊಂಡು, ಮತ್ತೆ ಹಾಕಿಕೊಂಡು ಕೂತಿದ್ದಾಗ, ಅವನು ಗಡಿಯಾರ ನೋಡಿ, "ಹೋಗೂದಿಲ್ಲೇನು? ಬಸ್ ತಪ್ಪತೈತಿ," ಎಂದ. ಅಷ್ಟೇ. ಅವ್ವ ಒಳಗಿನಿಂದಲೇ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ ಬಂದಳು.

ಹಾಗೆ ಕೆಲವು ವರ್ಷ ನಡೆಯಿತು. ನನಗೆ ನೆಮ್ಮದಿ ಸಿಕ್ಕಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಶನಿವಾರದ ಆ ಮೂರು ತಾಸು ಮುಗಿದ ಕೂಡಲೇ ಇನ್ನೂ ಬೇಕು ಅನ್ನಿಸುತ್ತಿತ್ತು. ಭಾನುವಾರದಿಂದ ಶುಕ್ರವಾರದವರೆಗೆ ನಾನು ಬೇರೆ ಯಾರದೋ ಮನೆಯಲ್ಲಿ ಇದ್ದಂತೆ ಇರುತ್ತಿದ್ದೆ. ಎರಡು ಕಡೆಯಿಂದ ಗಂಡಿನವರು ಬಂದು ಹೋದರು. ಹಾಲ್‌ನಲ್ಲಿ ಬಾರಿಸುವ ವಿಷಯವನ್ನು ಅಪ್ಪನೇ ಮೊದಲು ಹೇಳಿಬಿಡುತ್ತಿದ್ದ, ಏನೋ ಹಟ ಹಿಡಿದವನಂತೆ. ಅವರು ತಿರುಗಿ ಬರುತ್ತಿರಲಿಲ್ಲ.

ಆ ಹಾಲ್ ಮಾತ್ರ ಖಾಲಿಯಾಗುತ್ತ ಬಂತು. ಪ್ರತಿ ಕೆಲವು ತಿಂಗಳಿಗೆ ಒಂದು ಸಂಸಾರ ಪೆಟ್ಟಿಗೆ ಕಟ್ಟುತ್ತಿತ್ತು. ಆಸ್ಟ್ರೇಲಿಯಾ, ಇಂಗ್ಲೆಂಡ್, ಕೆನಡಾ. ಡ್ರಮ್ಮಿನವ ಹೋದ. ಮಿಸ್ ಕೂಡ ಒಂದು ದಿನ ಬಸ್ ಸ್ಟಾಪಿನಲ್ಲಿ ಹೇಳಿದರು, ನಾದಿನಿಯ ಮಕ್ಕಳು ಹೊರಡುತ್ತಿದ್ದಾರೆ, ತಾವೂ ಹೋಗಬೇಕು ಎಂದು.

"ನಿಮಗೆ ಹೋಗಲು ಇಷ್ಟವಾ?"

"ಇಷ್ಟ ಅಂತ ಅಲ್ಲ. ಇಲ್ಲಿ ನಮ್ಮವರು ಯಾರೂ ಉಳಿಯೋದಿಲ್ಲ," ಎಂದರು. ಅವರು ರೆಕಾರ್ಡುಗಳನ್ನು ಯಾರಿಗೂ ಕೊಡಲಿಲ್ಲ; ತಮ್ಮ ತಂದುಕೊಟ್ಟದ್ದೆಂದು ಜೊತೆಗೇ ಒಯ್ದರು. ನನಗೆ ಒಂದಾದರೂ ಸಿಗಬಹುದೆಂದು ಆಸೆಪಟ್ಟಿದ್ದೆ.

ಗಿಟಾರಿನ ಹುಡುಗ ಎಲ್ಲರಿಗಿಂತ ಕೊನೆಗೆ ಹೊರಟ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ಬೊಂಬಾಯಿಗೆ ರೈಲು ಹಿಡಿದು ಅಲ್ಲಿಂದ ಇಂಗ್ಲೆಂಡಿಗೆ ಹಡಗು. ನಾನು ಅವ್ವನ ಜೊತೆ ಸ್ಟೇಷನ್ನಿಗೆ ಹೋಗಿದ್ದೆ. ಅವನು ಬೋಗಿಯ ಬಾಗಿಲಲ್ಲಿ ನಿಂತು, "ನೀನೂ ಬಾ. ಅಲ್ಲಿ ಮೂಲೆ ಮೂಲೆಗೆ ಬ್ಯಾಂಡುಗಳಿವೆಯಂತೆ. ಪಿಯಾನೋದವರು ಬೇಕು," ಎಂದ. ಹಾಗೆ ಕರೆದದ್ದು ಪಿಯಾನೋ ಬಾರಿಸಲಿಕ್ಕೋ, ಬೇರೆಯದಕ್ಕೋ, ನನಗೆ ತಿಳಿಯಲಿಲ್ಲ. ಅವನಿಗೂ ತಿಳಿದಿತ್ತೋ ಇಲ್ಲವೋ. ಕೇಳೋಣವೆಂದು ಒಂದು ಹೆಜ್ಜೆ ಮುಂದಿಟ್ಟೆ. ಅವನ ತಾಯಿ ಒಳಗಿನಿಂದ ಅವನ ತೋಳು ಹಿಡಿದು ಎಳೆದಳು, ರೈಲು ಅಲುಗಿತು. ಆಮೇಲೆ ಒಂದು ಪೂರ್ತಿ ತಿಂಗಳು ನನಗೆ ಹಸಿವಾಗಲಿಲ್ಲ. ಅದು ಅವನಿಗಾಗಿಯೋ, ಆ ಶನಿವಾರಗಳಿಗಾಗಿಯೋ ಎಂದು ಬೇರ್ಪಡಿಸಿ ಹೇಳಲು ಈಗಲೂ ಬರುವುದಿಲ್ಲ.

ಟೈಪಿಂಗ್ ಪರೀಕ್ಷೆ ಪಾಸಾಗಿದ್ದೆ, ಸರ್ಕಾರಿ ಕೆಲಸಕ್ಕೂ ಕರೆ ಬಂದಿತ್ತು. ಅದೇ ಹೊತ್ತಿಗೆ ಹತ್ತಿರದ ಹುಡುಗಿಯರ ಶಾಲೆಯೊಂದರಲ್ಲಿ ಬೆಳಗಿನ ಪ್ರಾರ್ಥನೆಗೆ, ಡ್ರಿಲ್ಲಿಗೆ ಪಿಯಾನೋ ಬಾರಿಸುವವರು ಬೇಕೆಂದು ಗೊತ್ತಾಯಿತು. ಅಲ್ಲಿ ಬಾರಿಸುತ್ತಿದ್ದವರೂ ದೇಶ ಬಿಟ್ಟಿದ್ದರು. ಅಪ್ಪನನ್ನು ಕೇಳದೆ ಹೋಗಿ ಆ ಕೆಲಸ ಹಿಡಿದೆ. ಹೇಳಿದಾಗ ಅಪ್ಪ, "ಪೆನ್ಶನ್ ಐತೇನು?" ಎಂದಷ್ಟೇ ಕೇಳಿದ. ನಂತರ ಮದುವೆಯೂ ಆಯಿತು. ಬೀದರ್ ಕಡೆಯವರು, ದಿಲ್‌ಸುಖ್‌ನಗರದಲ್ಲಿ ಮನೆ. ಬೆಳಿಗ್ಗೆ ಎರಡು ಬಸ್ ಬದಲಾಯಿಸಿ ಶಾಲೆಗೆ ಬರುತ್ತಿದ್ದೆ. ಕೂಸನ್ನು ಅವ್ವನ ಬಳಿ ಬಿಟ್ಟು ಓಡುತ್ತಿದ್ದೆ. ಬೇರೆಯವರು ಇದನ್ನು ಕಷ್ಟ ಎನ್ನುತ್ತಿದ್ದರು. ಓಡುತ್ತಿರುವಾಗಲೇ ನಾನು ಸರಿಯಾಗಿರುತ್ತಿದ್ದೆ.

ಶಾಲೆಯ ಮುಖ್ಯಸ್ಥೆ ಕ್ರೈಸ್ತ ಸನ್ಯಾಸಿನಿ, ಶಿಸ್ತಿನವರು. ಮೊದಲ ವಾರವೇ ಕರೆದು, "ನೀವು ಮಾರ್ಚ್ ಬಾರಿಸಿದರೆ ಮಕ್ಕಳು ನಡೆಯೋದಿಲ್ಲ, ಓಡ್ತಾರೆ. ನಿಧಾನ," ಎಂದರು. ವರ್ಷಗಟ್ಟಲೆ ಅವರು ಹೇಳಿದಂತೆ ನಿಧಾನವಾಗಿಯೇ ಬಾರಿಸಿದೆ. ಪ್ರಾರ್ಥನೆ, ರಾಷ್ಟ್ರಗೀತೆ, ಡ್ರಿಲ್ಲು. ಎಡಗೈ ಒಂದು ಎರಡು, ಒಂದು ಎರಡು ಎಂದು ಕವಾಯತು ಮಾಡುತ್ತಿತ್ತು.

ಒಂದು ಮಳೆಗಾಲದ ಮಧ್ಯಾಹ್ನ ಮೈದಾನ ಒದ್ದೆಯಾಗಿ ಆಟದ ಪೀರಿಯಡ್ಡು ನಿಂತುಹೋಯಿತು. ಎಂಟನೆಯ ತರಗತಿಯ ಹುಡುಗಿಯರನ್ನು ನನ್ನ ಕೋಣೆಗೆ ಕಳಿಸಿದರು. ಅವರು ಬೆಂಚುಗಳ ಮೇಲೆ ಕೂತರು, ಎದ್ದರು, ಕಿಟಕಿಗೆ ಹೋದರು, ಒಬ್ಬಳನ್ನೊಬ್ಬಳು ತಿವಿದರು. ಸುಮ್ಮನಿರಿ ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಪಿಯಾನೋದ ಮುಂದೆ ಕೂತು ಎಡಗೈಯನ್ನು ಬಿಟ್ಟೆ.

ಸಾ. ಅವರು ತಿರುಗಿದರು. ಮಾ. ಕಿಟಕಿಯಲ್ಲಿದ್ದವಳು ಇಳಿದು ಬಂದಳು. ಬಲಗೈ ಸೇರಿಸುವ ಹೊತ್ತಿಗೆ, "ಮೇಡಂ, ಇದಿ ಏ ಪಾಟ?" ಇದು ಯಾವ ಹಾಡು ಎಂದು ಒಬ್ಬಳು ಕೇಳಿದಳು. ನಾನು ಉತ್ತರ ಕೊಡುವ ಮೊದಲೇ ಹಿಂದಿನ ಸಾಲಿನ ಉದ್ದ ಜಡೆಯ ಹುಡುಗಿ, ಯಾರ ಅಪ್ಪಣೆಗೂ ಕಾಯದೆ, ಕುಣಿಯಲು ಜಾಗ ಮಾಡುತ್ತ ಬೆಂಚನ್ನು ಗೋಡೆಯ ಕಡೆಗೆ ತಳ್ಳತೊಡಗಿದ್ದಳು.